ಚಪ್ಪಟೆ ಡಬ್ಬಿಯ ಬಿಸಿ

ಆ ಬೆಳಿಗ್ಗೆ ನಾನು ಕುಡಿದಿರಲಿಲ್ಲ. ಕುಡಿಯಲು ಕಾಸೂ ಇರಲಿಲ್ಲ. ಬ್ರೋಕನ್ ಹಿಲ್‌ನ ಗಣಿಯಲ್ಲಿ ನನ್ನ ಕೆಲಸ ಹೋಗಿ ಎಂಟು ತಿಂಗಳಾಗಿತ್ತು. ಹತ್ತೊಂಬತ್ತು ವರ್ಷ ನನ್ನನ್ನು ಗಣಿಗೆ ಹೊತ್ತೊಯ್ದ ಬೈಕನ್ನು, ಮನೆ ಬಾಡಿಗೆಗಾಗಿ, ಐನೂರು ಕಿಲೋಮೀಟರ್ ದೂರದ ಅಡಿಲೇಡಿನ ಕ್ಲೈವ್ ಎಂಬವನಿಗೆ ಹಿಂದಿನ ದಿನವಷ್ಟೇ ಮಾರಿದ್ದೆ. ಅಂಗಳದಲ್ಲಿ ಉಳಿದದ್ದು, ಅದರ ಸ್ಟ್ಯಾಂಡು ಮಣ್ಣಿಗೆ ಇಳಿಯದಂತೆ ಕೆಳಗಿಡುತ್ತಿದ್ದ ಚಪ್ಪಟೆ ಬಿಯರ್ ಡಬ್ಬಿಯೊಂದೇ.

ಸರಿಯಾಗಿ ಆರು ಗಂಟೆಗೆ, ನಾನು ಹಿಂದೆಲ್ಲ ಕೆಲಸಕ್ಕೆ ಹೊರಡುತ್ತಿದ್ದ ಹೊತ್ತಿಗೆ, ಹೆಂಡತಿ ನೊರೀನ್ ಅಡುಗೆಮನೆಯಿಂದ ಕೂಗಿದಳು: “ಪೆಟ್ರೋಲ್ ವಾಸನೆ ಮೂಗಿಗೆ ಬಡೀತಿದೆ. ಮಾರಿದ್ದೀನಿ ಅಂತ ನನ್ನ ಹತ್ರಾನೇ ಕಾಗೆ ಹಾರಿಸ್ತೀಯಾ?”

ಹೊರಗೆ ಹೋದೆ. ನಮ್ಮಲ್ಲಿ ಜುಲೈ ಎಂದರೆ ನಡುಚಳಿಗಾಲ; ಇಬ್ಬನಿ ಹೆಪ್ಪುಗಟ್ಟಿ ಅಂಗಳವೆಲ್ಲ ಬೆಳ್ಳಗಿತ್ತು. ಡಬ್ಬಿಯ ಸುತ್ತ ಮಾತ್ರ ಕರಗಿತ್ತು. ಎತ್ತಿಕೊಂಡೆ, ಕೈ ಸುಟ್ಟಿತು.

ವಾರದ ಮೇಲೆ ಕ್ಲೈವ್ ಫೋನ್ ಮಾಡಿದ.

“ಏನಯ್ಯಾ, ಎಂಥಾ ಗಾಡಿ ಕೊಟ್ಟೆ? ರಾತ್ರಿಯೆಲ್ಲ ಶೆಡ್ಡಿಗೆ ಬೀಗ ಹಾಕಿರ್ತೀನಿ. ಬೆಳಿಗ್ಗೆ ಮುಟ್ಟಿದ್ರೆ ಎಂಜಿನ್ ಕಾದಿರತ್ತೆ, ಟೈರಿಗೆಲ್ಲ ಕೆಂಪು ಮಣ್ಣು. ನಮ್ಮ ಬೀದೀಲಿ ಕೆಂಪು ಮಣ್ಣು ಎಲ್ಲಿದೆ ಮಾರಾಯಾ?”

ಗಣಿಯ ದಾರಿಯದು ಕೆಂಪು ಮಣ್ಣು.

ಈಗಲೂ ದಿನಾ ಆರಕ್ಕೆ ಡಬ್ಬಿ ಬಿಸಿಯಾಗುತ್ತದೆ. ಹೆಲ್ಮೆಟ್ ಹಿಡಿದು ಪಕ್ಕದಲ್ಲೇ ನಿಂತಿರುತ್ತೇನೆ. ಬೈಕು ನನ್ನನ್ನು ಬಿಟ್ಟೇ ಗಣಿಗೆ ಹೋಗುತ್ತದೆ.