ಒಡೆದು ಕೂಡಿದ ಮರ

ಬಹಳ ಬಹಳ ಹಿಂದೆ, ಮೂಡಣ ಕಡಲಿನಾಚೆ, ಸೂರ್ಯ ಎಲ್ಲರಿಗಿಂತ ಮೊದಲು ಮುಖ ತೊಳೆದುಕೊಳ್ಳುವ ದ್ವೀಪದಲ್ಲಿ ಹಿನಾಕಾ ಎಂಬ ರಾಜ್ಯವಿತ್ತು. ಆ ರಾಜ್ಯದಲ್ಲಿ ಕತ್ತಿಗಳಿದ್ದವು, ಯುದ್ಧಗಳಿರಲಿಲ್ಲ. ಇಬ್ಬರು ದೊರೆಗಳಿಗೆ ಜಗಳ ಹತ್ತಿದರೆ ನಡುವೆ ಒಂದು ಮಣೆ ಇಟ್ಟುಕೊಂಡು ಗೋ ಆಟಕ್ಕೆ ಕೂರುತ್ತಿದ್ದರು. ಗೇಣು ದಪ್ಪದ ಮರದ ಮಣೆ, ಅದರ ಮೇಲೆ ಉದ್ದಕ್ಕೂ ಅಡ್ಡಕ್ಕೂ ಕಪ್ಪು ಗೆರೆಗಳು. ಗೆರೆಗಳು ಕೂಡುವಲ್ಲಿ ಒಬ್ಬರು ಕರಿ ಕಾಯಿ, ಇನ್ನೊಬ್ಬರು ಬಿಳಿ ಕಾಯಿ ಇಡುತ್ತಾ ಹೋಗಬೇಕು. ಹೆಚ್ಚು ಜಾಗ ಸುತ್ತುವರಿದವರು ಗೆದ್ದಂತೆ. ಮತ್ತೆ ಕತ್ತಿ ಯಾಕಪ್ಪಾ ಅಂದರೆ, ಮಣೆಗೆ ಗೆರೆ ಹಾಕುವುದಕ್ಕೆ! ಅಲಗಿನ ಅಂಚಿಗೆ ಕರಿ ಅರಗು ಹಚ್ಚಿ ಒತ್ತಿದರೆ ಕೂದಲಿನಷ್ಟು ತೆಳುವಾದ ಗೆರೆ ಮೂಡುತ್ತಿತ್ತು. ಕತ್ತಿಗೆ ಇದಕ್ಕಿಂತ ಒಳ್ಳೆಯ ಕೆಲಸವನ್ನು ಯಾರೂ ಇನ್ನೂ ಕಂಡುಹಿಡಿದಿಲ್ಲ ಬಿಡಿ.

ಆಟಕ್ಕೆ ಕಟ್ಟಳೆಗಳಿದ್ದವು. ಯೋಚಿಸುತ್ತ ಕುಳಿತವರನ್ನು ಅವಸರಪಡಿಸುವಂತಿಲ್ಲ. ನೋಡುವವರು ತುಟಿ ಬಿಚ್ಚುವಂತಿಲ್ಲ. ಆಟದ ನಡುವೆ ಎದ್ದುಹೋದವರು ಸೋತಂತೆ. ಮಣೆ ತರುವುದು ಆಟ ನಡೆಯುವ ಮನೆಯವರ ಹೊಣೆ. ಒಡೆದ ಮಣೆಯ ಮೇಲೆ ಕಾಯಿ ಇಡುವ ಹಾಗಿಲ್ಲ; ಮಣೆ ಒಡೆದು ತಮ್ಮ ಸರದಿಯಲ್ಲಿ ಕಾಯಿ ಇಡಲಾಗದಿದ್ದರೆ ಅದನ್ನು ತಂದವರೇ ಸೋತಂತೆ. ಒಳ್ಳೆಯ ಕಟ್ಟಳೆಗಳೇ. ಆದರೆ ಕೆಟ್ಟವನ ಕೈಗೆ ಸಿಕ್ಕರೆ ಒಳ್ಳೆಯದೂ ಉರುಳಾಗುತ್ತದೆ.

ಹಾಗೆ ಸಿಕ್ಕಿದ್ದು ಗೆಂಬಾ ಎಂಬ ಮಾಂತ್ರಿಕನ ಕೈಗೆ. ಅವನು ಬೆಟ್ಟಗಳ ಭಾರವನ್ನು ಕದ್ದು ತನ್ನ ಕರಿ ಕಾಯಿಗಳಲ್ಲಿ ತುಂಬಿಟ್ಟಿದ್ದ. ಒಂದೊಂದು ಕಾಯಿಯಲ್ಲಿ ಒಂದೊಂದು ಬೆಟ್ಟದ ಭಾರ. ಭಾರ ಕಳೆದುಕೊಂಡ ಬೆಟ್ಟಗಳು ಬೇರು ಕಿತ್ತು, ಮೋಡಗಳ ಜೊತೆ ತೇಲುತ್ತ, ಕಡಲ ಮೇಲೆ ದಿಕ್ಕಿಲ್ಲದೆ ಅಲೆಯುತ್ತಿದ್ದವು. ಅವನು ಅರಮನೆಯವರನ್ನು ಆಟಕ್ಕೆ ಕರೆದು ಆ ಕಾಯಿಗಳನ್ನು ಇಡತೊಡಗಿದ. ಅರಮನೆಯವರು ಕಗ್ಗಲ್ಲಿನ ಮಣೆ ತಂದರು, ಪುಡಿಯಾಯಿತು. ಕಂಚಿನ ಮಣೆ ತಂದರು, ಸೀಳಿತು. ಕಲ್ಲಿನಂಥ ಮರದ ಮಣೆ ತಂದರು, ಎರಡು ಹೋಳಾಯಿತು. ಸೋತವರನ್ನೆಲ್ಲ ಗೆಂಬಾ ಬಿಳಿ ಕಾಯಿಗಳನ್ನಾಗಿ ಮಾಡಿ ತನ್ನ ಚೀಲಕ್ಕೆ ಹಾಕಿಕೊಂಡ.

ಕೊನೆಯದಾಗಿ ಚೀಲ ಸೇರಿದವನು ತೊಕುಜಿ. ಅರಮನೆಯ ಆಟಗಾರ, ಗೆಲ್ಲುವ ಆಟವನ್ನೇ ಆಡುತ್ತಿದ್ದ. ಅಷ್ಟರಲ್ಲಿ ಮಣೆ ಛಟೀರೆಂದಿತು. ಅವನ ಹೆಂಡತಿ ಒರಿಯೆ ಗುಂಪಿನಲ್ಲಿ ನಿಂತು ನೋಡುತ್ತಿದ್ದಳು. ಕಣ್ಣೆದುರೇ ಗಂಡ ಸಣ್ಣಗಾಗಿ, ಬೆಳ್ಳಗಾಗಿ, ಮಾಂತ್ರಿಕನ ಎರಡು ಬೆರಳ ನಡುವೆ ಒಂದು ಕಾಯಿಯಾದ.

"ಇನ್ನೊಂದೇ ಆಟ" ಎಂದ ಗೆಂಬಾ, ರಾಣಿ ಮಿಸಾವೊಗೆ. "ಚೆರಿ ಹೂ ಅರಳಿದಾಗ ಬರ್ತೀನಿ. ಗೆದ್ದರೆ ನಿಮ್ಮವರೆಲ್ಲ ನಿಮಗೆ. ಸೋತರೆ ರಾಜ್ಯವೆಲ್ಲ ಈ ಚೀಲಕ್ಕೆ."

ಒರಿಯೆ ಮಣೆ ಮಾಡುವ ಬಡಗಿಗಳ ಮನೆಯಲ್ಲಿ ಹುಟ್ಟಿದವಳು. ರಾಣಿ ಅವಳನ್ನೇ ಕರೆಸಿದಳು. "ನಾನೇ ಆಟಕ್ಕೆ ಕೂರ್ತೀನಿ ಒರಿಯೆ. ನನಗೊಂದು ಮಣೆ ಬೇಕು. ಮರ ನೀನೇ ಆರಿಸು."

"ಆರಿಸ್ತೀನಿ ತಾಯಿ. ನನ್ನ ಗಂಡ ಆ ಚೀಲದಲ್ಲಿದ್ದಾನೆ" ಎಂದಳು ಒರಿಯೆ.

ಅವಳ ದೊಡ್ಡಪ್ಪ ಯೊಶಿರೊ, ಬಡಗಿಗಳಿಗೆಲ್ಲ ಹಿರಿಯ, ಹೊರಡುವಾಗ ಬುದ್ಧಿ ಹೇಳಿದ. "ಎಳೆ ನೇರ ಇರಲಿ. ಗಂಟಿರಬಾರದು, ಕಲೆ ಇರಬಾರದು. ಬಿರುಕಿದ್ದ ಮರವನ್ನ ನಮ್ಮ ಮನೆತನದಲ್ಲಿ ಒಲೆಗಲ್ಲದೆ ಬೇರೆ ಯಾವುದಕ್ಕೂ ಮುಟ್ಟಿಲ್ಲ, ನೆನಪಿರಲಿ."

ಒರಿಯೆ ಗರಗಸವನ್ನು ಬೆನ್ನಿಗೆ ಕಟ್ಟಿಕೊಂಡು ಉಸಿರುಗಾಡು ಎಂಬ ಕಾಡಿಗೆ ಹೋದಳು. ಅಲ್ಲಿ ಮರಗಳೆಲ್ಲ ಒಟ್ಟಿಗೆ ಉಸಿರಾಡುತ್ತವೆ. ಒಳಗೆಳೆದಾಗ ಕಾಡು ಒಂದಿಷ್ಟು ಹಿಗ್ಗುತ್ತದೆ, ಹಕ್ಕಿಗಳು ಹಾರುತ್ತಿದ್ದಲ್ಲೇ ಎಲೆಗಳ ಕಡೆ ಸರಿದುಬಿಡುತ್ತವೆ. ಹೊರಗೆ ಬಿಟ್ಟಾಗ ಹೂವಿನ ಪರಿಮಳವೆಲ್ಲ ಕಣಿವೆಗೆ ಇಳಿಯುತ್ತದೆ. ಹುಟ್ಟಿದಾಗಿನಿಂದ ಮರದ ಪುಡಿಯಲ್ಲೇ ಬೆಳೆದ ಒರಿಯೆಗೂ ಮೈ ಜುಮ್ಮೆಂದಿತು. ಅವಳು ಚಪ್ಪಲಿ ಬಿಚ್ಚಿ, ಕೈಮುಗಿದು, ಒಳಗೆ ಕಾಲಿಟ್ಟಳು.

ಮೊದಲು ಎದುರಾದದ್ದು ಕಬ್ಬಿಣದ ಬಣ್ಣದ ಮರ. ಅದನ್ನು ಕಾಯುತ್ತಿದ್ದದ್ದು ಆನೆಯಷ್ಟು ದೊಡ್ಡ ಬಿಳಿ ಕಾಡುಹಂದಿ.

"ಜಗತ್ತಿನಲ್ಲಿ ಇದಕ್ಕಿಂತ ಗಟ್ಟಿ ಮರ ಇಲ್ಲ!" ಎಂದು ಹಂದಿ ಗುಟುರು ಹಾಕಿತು. "ಹುಟ್ಟಿದಾಗಿನಿಂದ ಒಂದು ಸಲವೂ ಬಗ್ಗಿಲ್ಲ. ಬೇಕಾದರೆ ನನ್ನ ಗುದ್ದು ತಪ್ಪಿಸಿಕೊಂಡು ಮುಟ್ಟು!"

ಹೇಳಿದ್ದೇ ತಡ, ನುಗ್ಗಿ ಬಂತು. ಒರಿಯೆ ಪಕ್ಕಕ್ಕೆ ಹಾರಿದಳು. ಹಂದಿಯ ಕೋರೆ ಮರಕ್ಕೆ ಬಡಿದು ಬೆಂಕಿಯ ಕಿಡಿ ಹಾರಿತು, ಕೋರೆಯ ತುದಿ ಮುರಿದು ಬಿತ್ತು. ಒರಿಯೆ ಮರದ ಮೇಲೆ ಹೆಬ್ಬೆರಳ ಉಗುರು ಒತ್ತಿದಳು. ಕಾದಳು. ಗುರುತೇ ಬೀಳಲಿಲ್ಲ. ಸಂತೋಷದಿಂದ ಗರಗಸ ಬಿಚ್ಚಿದವಳು ಸುಮ್ಮನೆ ಒಮ್ಮೆ ಮರದ ಹಿಂಬದಿಗೆ ಹೋಗಿ ನೋಡಿದಳು. ಅಲ್ಲಿ ಮರವೇ ಇರಲಿಲ್ಲ. ಯಾವುದೋ ಕಾಲದ ಗಾಳಿ ಅರ್ಧ ಮರವನ್ನು ಚೂರುಚೂರು ಮಾಡಿ ಚೆಲ್ಲಿತ್ತು.

"ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?" ಎಂದು ನಿಟ್ಟುಸಿರಿಟ್ಟು ಒರಿಯೆ ಮುಂದೆ ನಡೆದಳು. ಹಂದಿ ಮುರಿದ ಕೋರೆ ನೆಕ್ಕಿಕೊಳ್ಳುತ್ತ ನಿಂತಿತ್ತು, ಪಾಪ.

ಎರಡನೆಯದು ಹಾಲಿನ ಬಣ್ಣದ ಮರ. ಅದನ್ನು ಕಾಯುತ್ತಿದ್ದದ್ದು ಕೆಂಪು ನೆತ್ತಿಯ ಒಂದು ಕೊಕ್ಕರೆ.

"ಬಾ ಮಗಳೇ, ಒರಗಿಕೋ" ಎಂದಿತು ಕೊಕ್ಕರೆ. "ಇದು ಯಾರನ್ನೂ ಮರೆಯೋದಿಲ್ಲ."

ನಿಜವಾಗಿಯೂ ಆ ಮರ ಯಾರನ್ನೂ ಮರೆತಿರಲಿಲ್ಲ. ಅದರ ಮೈತುಂಬ ಅಚ್ಚುಗಳು. ಎಂದೋ ಒರಗಿದ ಜಿಂಕೆಯ ಕೆನ್ನೆ, ಮಗುವೊಂದರ ಅಂಗೈ, ಮಳೆಹನಿಯ ಗುಳಿಗಳು, ಈಗ ಭೂಮಿಯ ಮೇಲೆಯೇ ಇಲ್ಲದ ಯಾವುದೋ ಹಕ್ಕಿಯ ರೆಕ್ಕೆ. ಒರಿಯೆ ಕೆನ್ನೆ ಒತ್ತಿ ನಿಂತಳು. ತೊಕುಜಿಯ ಹೆಸರು ಹಿಡಿದು ಮನಸ್ಸು ಹಗುರಾಗುವಷ್ಟು ಅತ್ತಳು. ಅಲ್ಲೇ ಇದ್ದುಬಿಡೋಣ ಅನ್ನಿಸಿತು ಅವಳಿಗೆ. ಆದರೆ ಕೈ ಬಡಗಿಯ ಕೈ, ಅದು ಸುಮ್ಮನಿರುತ್ತದೆಯೇ? ಅದು ತನ್ನಷ್ಟಕ್ಕೆ ಹೆಬ್ಬೆರಳ ಉಗುರು ಒತ್ತಿತು. ಕಾದು ನೋಡಿತು. ಬಿದ್ದ ಗುರುತು ಬಿದ್ದ ಹಾಗೆಯೇ ಇತ್ತು, ಮೇಲೇಳಲಿಲ್ಲ.

"ಅಮ್ಮಾ, ನಿನ್ನ ಮರ ಪೆಟ್ಟು ತಿನ್ನುತ್ತೆ, ಆದರೆ ಚೇತರಿಸಿಕೊಳ್ಳೋದಿಲ್ಲ" ಎಂದಳು ಒರಿಯೆ. ಕೊಕ್ಕರೆ ತಲೆ ತಗ್ಗಿಸಿತು. ಒರಿಯೆ ಕಣ್ಣೊರೆಸಿಕೊಂಡು ಮುಂದೆ ನಡೆದಳು. ಮರದ ಮೇಲೆ ಅವಳ ಒದ್ದೆ ಕೆನ್ನೆಯ ಅಚ್ಚು ಉಳಿಯಿತು.

ಕಾಡಿನ ನಡುಮಧ್ಯದಲ್ಲಿ ಒಂದು ಕರಡಿ ಮಲಗಿತ್ತು. ಕರಡಿ ಎಂದು ಅವಳಿಗೆ ಮೊದಲು ಗೊತ್ತಾಗಲೇ ಇಲ್ಲ. ಬೆನ್ನ ಮೇಲೆ ಹುಲ್ಲು ಬೆಳೆದಿತ್ತು, ಭುಜದ ಮೇಲೆ ಪುಟ್ಟ ತೊರೆಯೊಂದು ಹರಿಯುತ್ತಿತ್ತು. ಅದು ಉಸಿರು ಬಿಟ್ಟಾಗಲೇ ಇಡೀ ಕಾಡು ಉಸಿರು ಬಿಡುತ್ತಿತ್ತು. ಅದರ ಹೊಟ್ಟೆಯಡಿ, ನೆಲಕ್ಕುರುಳಿದ, ಗೋ ಮಣೆಗೆಂದೇ ಹೆಸರಾದ ಕಯಾ ಮರದ ಒಂದು ದಿಮ್ಮಿ.

"ಅಜ್ಜಾ, ಸ್ವಲ್ಪ ಏಳ್ತೀಯಾ?" ಎಂದಳು ಒರಿಯೆ.

ಕರಡಿ ಕಣ್ಣು ಬಿಟ್ಟಿತು. "ಯಾರೂ ಇಲ್ಲೀವರೆಗೆ ಕೇಳಿರಲಿಲ್ಲ" ಎಂದು ಎದ್ದು ನಿಂತಿತು. ಆಕಾಶದ ಅರ್ಧ ಮರೆಯಾಯಿತು.

ಆಗ ಒರಿಯೆ ಕಂಡದ್ದನ್ನು ಅವಳ ವಂಶದ ಯಾವ ಬಡಗಿಯೂ ಕಂಡಿರಲಿಲ್ಲ. ಕರಡಿಯ ಭಾರಕ್ಕೆ ಯುಗಯುಗಗಳಿಂದ ಕುಗ್ಗಿದ್ದ ಆ ದಿಮ್ಮಿ ಮೆಲ್ಲಗೆ ಮೇಲೆದ್ದಿತು. ತೊಗಟೆ ಕಳಚಿತು. ಒಳಗಿನ ಗಟ್ಟಿ ತಿರುಳಾದ ಚೇಗು ಜೇನುತುಪ್ಪದ ಬಣ್ಣಕ್ಕೆ ತಿರುಗಿ ತಾನೇ ಬೆಳಗಿತು. ಒರಿಯೆ ಮಂಡಿಯೂರಿ ಕುಳಿತಳು. ಅವಳು ಹೆಬ್ಬೆರಳ ಉಗುರು ಒತ್ತಿದಳು. ಕಾದಳು. ಗುರುತು ಬಿತ್ತು; ನೋಡನೋಡುತ್ತ ತುಂಬಿಕೊಂಡಿತು.

ಆದರೆ ದಿಮ್ಮಿಯ ನಡುವೆ, ಒಂದು ತುದಿಯಿಂದ ಇನ್ನೊಂದು ತುದಿಗೆ, ಹಳೆಯ ಬಿರುಕಿನ ಗೆರೆಯೊಂದಿತ್ತು. ಒರಿಯೆಗೆ ದೊಡ್ಡಪ್ಪನ ಮಾತು ನೆನಪಾಯಿತು. ಬಿರುಕಿನ ಭಾಗ ಬಿಟ್ಟು, ಬದಿಯ ನುಣ್ಣನೆಯ ಮರ ಕೊಯ್ದುಕೊಳ್ಳೋಣವೆಂದು ಗರಗಸ ಇಟ್ಟಳು. ಹುಟ್ಟಿನಿಂದ ಕಲಿತ ವಿದ್ಯೆ ನೋಡಿ, ಬೇಗ ಬಿಟ್ಟು ಹೋಗುವುದಿಲ್ಲ.

"ನಾನು ಮಲಗಿದ ದಿನ ಅದು ಒಡೀತು" ಎಂದಿತು ಕರಡಿ. "ಆಮೇಲೆ ನನ್ನ ಅಡಿಯಲ್ಲಿ ಇದ್ದುಕೊಂಡೇ ಕೂಡಿಕೊಂಡಿತು. ಕೂಡೋದನ್ನ ಕಲಿತ ಜಾಗವನ್ನೇ ಬಿಟ್ಟುಹೋಗ್ತೀಯಾ ಮಗಳೇ?"

ಒರಿಯೆಯ ಕೈ ನಿಂತಿತು. ಆ ಗೆರೆಯ ಮೇಲೆ ಬೆರಳಾಡಿಸಿದಳು. ಆಮೇಲೆ ಗರಗಸವನ್ನು ತೆಗೆದು, ಗೆರೆ ಸರಿಯಾಗಿ ನಡುವೆ ಬರುವ ಹಾಗೆ ಇಟ್ಟು ಕೊಯ್ದಳು.

ಮನೆಗೆ ತಂದಾಗ ಯೊಶಿರೊ ಹಣೆ ಹಣೆ ಚಚ್ಚಿಕೊಂಡ. "ಒಲೆಗೆ ಹಾಕೋ ಮರ ತಂದು ರಾಣಿಯ ಮುಂದಿಡ್ತೀಯಾ? ನಿನ್ನ ಗಂಡನ ಜೀವ ಇದರ ಮೇಲಿದೆ ಕಣೇ!"

"ಅದಕ್ಕೇ ದೊಡ್ಡಪ್ಪ, ಇದನ್ನೇ ತಂದೆ" ಎಂದಳು ಒರಿಯೆ. ಕಂಡದ್ದನ್ನೆಲ್ಲ ರಾಣಿಗೆ ಹೇಳಿದಳು. ರಾಣಿ ಹಳೆಯ ಬಿರುಕಿನ ಉದ್ದಕ್ಕೂ ಬೆರಳಾಡಿಸಿ, "ಗೆರೆ ಹಾಕಿ" ಎಂದಳು.

ಚೆರಿ ಹೂ ಅರಳಿತು. ಬೆಳಗಿನ ಬಿಸಿಲಲ್ಲಿ ಗೆಂಬಾ ಬಂದು ಕುಳಿತ. ಮಣೆ ನೋಡಿ ನಕ್ಕ. "ಒಡೆದದ್ದನ್ನೇ ತಂದಿದ್ದೀರಲ್ಲ, ನನಗೆ ಕೆಲಸ ಉಳಿಸಿದಿರಿ!"

ಅವನು ಮೊದಲ ಕಾಯಿ ಇಟ್ಟ. ಅರಮನೆ ನಡುಗಿತು. ಮಣೆ ತಗ್ಗಿತು, ಕಾಯಿಯ ಅಡಿ ಗುಳಿ ಬಿತ್ತು, ಆದರೆ ಒಡೆಯಲಿಲ್ಲ. ರಾಣಿ ಬಿಳಿ ಕಾಯಿ ಇಟ್ಟಳು. ಅವನು ಇನ್ನೊಂದು ಬೆಟ್ಟ ಇಟ್ಟ, ಮತ್ತೊಂದು ಬೆಟ್ಟ ಇಟ್ಟ. ಮಣೆ ಗುಳಿಬಿದ್ದು ಗುಳಿಬಿದ್ದು ತಾಳಿಕೊಂಡಿತು. ಗೆಂಬಾನ ನಗು ಆರಿತು. ಕೊನೆಗೆ, ಎಲ್ಲ ಬೆಟ್ಟಗಳಿಗೆ ದೊರೆಯಾದ ಹಿಮದ ಬೆಟ್ಟದ ಭಾರವಿದ್ದ ಕಾಯಿಯನ್ನು ಎರಡೂ ಕೈಯಲ್ಲಿ ಎತ್ತಿ ಮಣೆಯ ನಟ್ಟನಡುವೆ ಕುಕ್ಕಿದ.

ಛಟೀರ್! ಹಳೆಯ ಗೆರೆಯ ಉದ್ದಕ್ಕೂ ಮಣೆ ಬಾಯಿ ಬಿಟ್ಟಿತು.

"ಮಣೆ ಒಡೀತು!" ಎಂದು ಗೆಂಬಾ ಕೂಗಿದ. "ಇಡು ರಾಣಿ, ನಿನ್ನ ಕಾಯಿ ಎಲ್ಲಿಡ್ತೀಯೋ ಇಡು!"

ಒರಿಯೆ ತುಟಿ ಕಚ್ಚಿಕೊಂಡಳು. 'ಕಾಯಿರಿ' ಎಂಬ ಒಂದೇ ಮಾತು ನಾಲಗೆಯ ತುದಿಯಲ್ಲಿತ್ತು. ಆಡಿದರೆ ಆಟವೇ ಹೋಗುತ್ತಿತ್ತು. ಮಣೆ ಮತ್ತೆ ಕೂಡಿಕೊಳ್ಳದಿದ್ದರೆ? ಕರಡಿಯ ಅಡಿಯಲ್ಲಿ ಕೂಡಲು ಅದಕ್ಕೆ ಯುಗಗಳೇ ಹಿಡಿದಿದ್ದರೆ? ತೊಕುಜಿ ಅಲ್ಲೇ, ಕೈಯಳತೆಯಲ್ಲಿ, ಆ ಚೀಲದಲ್ಲಿದ್ದ.

ರಾಣಿ ಮಿಸಾವೊ ಅವಸರ ಮಾಡಲಿಲ್ಲ. ಕಾಯಿಯನ್ನು ಬೆರಳಲ್ಲಿ ಹಿಡಿದು, "ಯೋಚಿಸ್ತಿದ್ದೀನಿ" ಎಂದಳು. ಯೋಚಿಸಿದಳು. ಗೆಂಬಾ ಹಲ್ಲು ಕಡಿದ, ಮೈ ಪರಚಿಕೊಂಡ, ಆದರೆ ಅವಸರಪಡಿಸುವಂತಿಲ್ಲ, ಕಟ್ಟಳೆ ಕಟ್ಟಳೆಯೇ. ಬಿಸಿಲು ಕಂಬದಿಂದ ಕಂಬಕ್ಕೆ ಸರಿಯಿತು. ತಾಳಿದವನು ಬಾಳಿಯಾನು ಅನ್ನುತ್ತಾರೆ, ಆದರೆ ತಾಳುವಾಗಿನ ಸಂಕಟ ತಾಳಿದವರಿಗೇ ಗೊತ್ತು.

ಆಗ ಮಣೆ ಉಸಿರೆಳೆದುಕೊಂಡಿತು.

ಆ ಸದ್ದನ್ನು ಎಲ್ಲರೂ ಕೇಳಿದರು. ಬಿರುಕಿನ ಎರಡು ಅಂಚುಗಳು ಒಂದರ ಕಡೆ ಒಂದು ಸರಿದವು, ಮುಟ್ಟಿದವು, ಕೂಡಿದವು. ಗುಳಿಗಳೆಲ್ಲ ಒಂದೊಂದಾಗಿ ಮೇಲೆದ್ದವು. ಮೇಲೆದ್ದಂತೆ ಕಾಯಿಗಳೊಳಗಿನ ಭಾರವನ್ನು ಮಣೆ ಹೊರಕ್ಕೆ ತಳ್ಳಿತು. ಕಡಲ ಕಡೆಯಿಂದ ಗುಡುಗಿನಂಥ ಸದ್ದು. ಜನ ತಿರುಗಿ ನೋಡಿದರೆ, ಅಲೆಯುತ್ತಿದ್ದ ಬೆಟ್ಟಗಳು ತಮ್ಮ ತಮ್ಮ ಭಾರ ಮರಳಿ ಪಡೆದು, ಸಾಲಾಗಿ ಮನೆಗೆ ಬರುತ್ತಿದ್ದವು! ತಲೆ ಮೇಲೆ ಹಿಮ, ಹೆಗಲ ಮೇಲೆ ಕಾಡು, ಕಾಡಿನಲ್ಲಿ ಬೆರಗಾಗಿ ಇಣುಕುವ ಕೋತಿಗಳು. ಒಂದೊಂದೂ ತನ್ನ ಹಳೆಯ ಜಾಗ ಹುಡುಕಿ, ಮೆಲ್ಲಗೆ ಕುಳಿತುಕೊಂಡಿತು.

ರಾಣಿ ತನ್ನ ಕಾಯಿ ಇಟ್ಟಳು. ಗೆಂಬಾ ಇಡಲು ಕೈ ಚಾಚಿದ, ಆದರೆ ಮಣೆ ಅವನ ಕೈಗೆ ಎಟುಕಲಿಲ್ಲ. ಕದ್ದ ಭಾರವೆಲ್ಲ ಹೋದ ಮೇಲೆ ಅವನದೆಂಬ ಭಾರ ಏನೂ ಉಳಿದಿರಲಿಲ್ಲ. ಬೂರುಗದ ಹತ್ತಿಯ ಹಾಗೆ ಕುಳಿತಲ್ಲಿಂದ ಎದ್ದು, ಕಿಟಕಿಯಿಂದ ತೇಲಿ ಹೋದ. ಆಟದ ನಡುವೆ ಎದ್ದುಹೋದವನು ಸೋತಂತೆ. ಅವನು ಎಲ್ಲಿ ಇಳಿದನೋ, ಇಳಿದನೋ ಇಲ್ಲವೋ, ಯಾರಿಗೂ ತಿಳಿಯದು.

ಚೀಲ ತಾನೇ ಬಿಚ್ಚಿಕೊಂಡಿತು. ಬಿಳಿ ಕಾಯಿಗಳು ನೆಲಕ್ಕೆ ಉರುಳಿ ಮನುಷ್ಯರಾಗಿ ಎದ್ದವು. ಕೊನೆಯಲ್ಲಿ ತೊಕುಜಿ ಎದ್ದ. ಅವನ ಪಾಲಿಗೆ ಕಾಲ ಒಂದು ಕ್ಷಣವೂ ಸರಿದಿರಲಿಲ್ಲ. ಕೈ ಇನ್ನೂ ಕಾಯಿ ಹಿಡಿದ ಭಂಗಿಯಲ್ಲೇ ಇತ್ತು, ಕಿವಿಯಲ್ಲಿ ಆ ಛಟೀರ್ ಸದ್ದು ಇನ್ನೂ ಇತ್ತು. ಹೆಂಡತಿಯನ್ನು ನೋಡಿ ಬಿಕ್ಕಿದ. "ಒರಿಯೆ, ಹೋಯ್ತು ಕಣೇ. ಮಣೆ ಒಡೀತು."

"ಹೂಂ, ಒಡೀತು" ಎಂದಳು ಒರಿಯೆ. ಅವನ ಬೆಚ್ಚನೆಯ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಆಮೇಲೆ ಕೂಡ್ಕೊಂಡಿತು."

ಅಂದಿನಿಂದ ಹಿನಾಕಾದಲ್ಲಿ ಒಡೆದು ಕೂಡಿದ ಮರವನ್ನು ಯಾರೂ ಒಲೆಗೆ ಹಾಕಲಿಲ್ಲ. ಅಂಥ ಮರಕ್ಕೆ ಯೊಶಿರೊನೇ ಕಾವಲು ನಿಂತ. ಬೆಟ್ಟಗಳು ಇದ್ದಲ್ಲೇ ಇದ್ದವು, ರಾಣಿ ಚೆನ್ನಾಗಿ ಆಳಿದಳು, ಒರಿಯೆ ಮತ್ತು ತೊಕುಜಿ ತಲೆ ನರೆಯುವವರೆಗೂ ಒಂದೇ ಮಣೆಯ ಎರಡು ಬದಿ ಕೂತು ಆಡುತ್ತ, ಜಗಳವಾಡುತ್ತ, ಮತ್ತೆ ಆಡುತ್ತ ಸುಖವಾಗಿದ್ದರು.