ಬೆಂಡು ಕಟ್ಟಿಕೊಂಡ ಕ್ಯಾಮೆರಾ

"ಮುಳುಗ್ತು! ಮತ್ತ ಮುಳುಗ್ತು!" ಬಾವಿಯ ದಂಡೆಯ ಮೇಲೆ ಗುಡ್ಡು ಕುಣಿದ.

ಅವನ ಅಕ್ಕ ಕವಿತಾ ಸರಸರ ಹಗ್ಗ ಎಳೆದಳು. ಕ್ಯಾಮೆರಾ ಮೈತುಂಬ ಕೆಸರು ಮೆತ್ತಿಕೊಂಡು ಮೇಲೆ ಬಂತು. ಅದರ ಎರಡೂ ಕಡೆ ಕೈ ಚಾಚಿದಂತೆ ಕಟ್ಟಿದ್ದ ಪೈಪು, ಪೈಪಿನ ತುದಿಯ ಟಾರ್ಚು, ಎಲ್ಲವೂ ಕೆಸರು.

ಮುದನಾಳದ ಈ ಬಾವಿಯಲ್ಲಿ ಆಮೆ ಇದೆ. ಕವಿತಾ ಕಣ್ಣಾರೆ ನೋಡಿದ್ದಾಳೆ. ಆದರೆ ಕ್ಲಾಸಿನಲ್ಲಿ ಹೇಳಿದಾಗ "ಬರೇ ಸುಳ್ಳು" ಎಂದು ಎಲ್ಲರೂ ನಕ್ಕರು. "ಸೋಮವಾರ ವಿಡಿಯೋ ತೋರಸ್ತೀನಿ" ಎಂದು ಇವಳು ಹೇಳಿಬಿಟ್ಟಿದ್ದಳು. ಇವತ್ತೇ ಭಾನುವಾರ!

ಮದುವೆ ವಿಡಿಯೋ ತೆಗೆಯುವ ಬಸವಂತ ಕಾಕಾ ಸುರಪುರದಿಂದ ಬರುವಾಗ ನೀರೊಳಗೆ ಹಾಕಬಹುದಾದ ಈ ಪುಟ್ಟ ಕ್ಯಾಮೆರಾ ತಂದಿದ್ದ. ನಾಲ್ಕರ ಬಸ್ಸಿಗೆ ಕಾಕಾನೂ ಹೋಗುತ್ತಾನೆ, ಕ್ಯಾಮೆರಾನೂ ಹೋಗುತ್ತದೆ. ಆಗಲೇ ಎರಡೂವರೆ.

"ಪೈಪಿನ ಕೈಗೆ ಖಾಲಿ ಬಾಟ್ಲಿ ಕಟ್ಟು" ಎಂದ ಗುಡ್ಡು.

ಕಟ್ಟಿದರು. ಕ್ಯಾಮೆರಾ ಒಳಗೆ ಹೋಗಲು ಒಲ್ಲೆ ಎಂದಿತು. ಆರಾಮಾಗಿ ನೀರ ಮೇಲೆ ಮಲಗಿ ಆಕಾಶ ನೋಡಿತು. ಬಾಟಲಿಗೆ ಅರ್ಧ ನೀರು ತುಂಬಿದರೆ ಒಂದು ಕಡೆ ವಾಲಿತು. ಕವಿತಾಗೆ ಅಳುವೇ ಬಂತು.

"ತಡಿ ಕೂಸ" ಎಂದ, ಮೆಟ್ಟಿಲ ಮೇಲೆ ಕೂತಿದ್ದ ಅವಳ ಅಜ್ಜ, ಮುತ್ಯಾ ದೇವಿಂದ್ರಪ್ಪ. "ಯಾಕ ಇಷ್ಟು ಗಡಿಬಿಡಿ?"

ತಡಿಯಂತೆ ತಡಿ! ಆ ಮಾತು ಕೇಳಿದರೆ ಕವಿತಾಗೆ ಮೈ ಉರಿಯುತ್ತದೆ. ಹೋದ ಬೇಸಿಗೆಯಲ್ಲಿ ಮುತ್ಯಾ ಇಲ್ಲೇ ಅವಳಿಗೆ ಈಜು ಕಲಿಸಿದ್ದ. ಬೆನ್ನಿಗೆ ನೀರಲ್ಲಿ ತೇಲುವ ಹಗುರ ಬೆಂಡಿನ ನಾಲ್ಕು ತುಂಡು ಕಟ್ಟಿ, ಹೊಟ್ಟೆಯ ಕೆಳಗೆ ಅಂಗೈ ಹಿಡಿದಿದ್ದ. ಗುಡ್ಡು ಐದೇ ದಿನಕ್ಕೆ ಬೆಂಡು ಬಿಚ್ಚಿ ಧುಮುಕಿದ. ಅವಳಿಗೆ ಹದಿನೈದು ದಿನ! ಮುತ್ಯಾ ಕೈ ತೆಗೆಯಲೇ ಇಲ್ಲ. ಆ ಸಿಟ್ಟು ಇನ್ನೂ ಇಳಿದಿರಲಿಲ್ಲ.

ಬೆಂಡು!

"ಮುತ್ಯಾ, ಆ ಬೆಂಡು ಎಲ್ಲದಾವ?"

"ಪಂಪಿನ ಖೋಲ್ಯಾಗ ನೋಡು."

ಓಡಿ ತಂದಳು. ಪೈಪಿನ ಒಂದೊಂದು ಕೈಗೆ ಎರಡರಂತೆ ಕಟ್ಟಿದರೆ ತೇಲಿತು. ಒಂದೊಂದು ಬಿಚ್ಚಿದರೂ ತೇಲಿತು. ಎಲ್ಲ ಬಿಚ್ಚಿದರೆ ಮತ್ತೆ ಕೆಸರು.

"ಎಷ್ಟು ಕೊಯ್ಯಬೇಕಂತ ಹೆಂಗ ಗೊತ್ತಾಗ್ತದ?"

"ಅಂಗೈ ಮ್ಯಾಲ ಹಿಡಿ. ಅದೇ ಹೇಳ್ತದ."

ಕವಿತಾ ಮೆಟ್ಟಿಲಿಳಿದು ಸೊಂಟದುದ್ದ ನೀರಲ್ಲಿ ನಿಂತಳು. ಕೈಗೊಂದು ಬೆಂಡು ಕಟ್ಟಿದ ಕ್ಯಾಮೆರಾವನ್ನು ಮುಳುಗಿಸಿ, ಕೆಳಗೆ ಅಂಗೈ ಹಿಡಿದಳು. ಅದು ಅಂಗೈ ಬಿಟ್ಟು ಮೇಲೆದ್ದಿತು. ಮುತ್ಯಾನ ಚಾಕುವಿನಿಂದ ಎರಡೂ ಬೆಂಡನ್ನು ಬೆರಳಗಲ ಕೊಯ್ದಳು. ಮತ್ತೆ ಹಿಡಿದಳು. ಮತ್ತೆ ಚೂರು ಕೊಯ್ದಳು.

"ಏ ಕವಿ, ಟೈಮ್ ಆಗಾಕತ್ತದ! ಬಿಟ್ಬಿಡು!" ಗುಡ್ಡು ಕೂಗಿದ.

"ತಡಿಯೋ!" ಎಂದಳು ಕವಿತಾ.

ಕೊನೆಗೆ ಕ್ಯಾಮೆರಾ ಮೇಲೆ ಏಳಲೂ ಇಲ್ಲ, ಅಂಗೈಯನ್ನು ಒತ್ತಲೂ ಇಲ್ಲ. ಅವಳು ಅಂಗೈಯನ್ನು ತುಸು ಕೆಳಗಿಳಿಸಿದಳು. ಬಿದ್ದರೆ ಹಿಡಿಯೋಣವೆಂದು ಅಲ್ಲೇ ಇಟ್ಟುಕೊಂಡಳು. ಬೀಳಲಿಲ್ಲ. ನಡುನೀರಲ್ಲಿ ಸುಮ್ಮನೆ ನಿಂತಿತು. ಆಗ ಮೆಲ್ಲಗೆ ಹಿಂದೆ ಸರಿದು ಮೇಲೆ ಬಂದಳು. ಹಗ್ಗ ಅಲ್ಲಾಡಿಸಲಿಲ್ಲ.

ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ಕಾಕಾ ಬಂದು, ಕ್ಯಾಮೆರಾ ಮೇಲೆಳೆದು, ವಿಡಿಯೋವನ್ನು ಅವ್ವನ ಫೋನಿಗೆ ಹಾಕಿಕೊಟ್ಟ. ಕಾಕಾ, ಕವಿತಾ, ಗುಡ್ಡು ಮೂವರೂ ತಲೆಗೆ ತಲೆ ತಾಗಿಸಿ ನೋಡಿದರು. ಹಸಿರು ನೀರು. ಬರೀ ಹಸಿರು ನೀರು. ಆಮೇಲೆ...

"ಆಮಿ! ಆಮಿ!" ಗುಡ್ಡು ಚೀರಿದ.

ಆಮೆ ಕ್ಯಾಮೆರಾದ ಹತ್ತಿರವೇ ಬಂದು ಇಣುಕಿ, ಹಿಂಗಾಲು ಬಡಿದು ಹೋಯಿತು. ಕಾಕಾ "ಶಾಬಾಸ್!" ಎಂದು ಬೆನ್ನು ತಟ್ಟಿ ಬಸ್ಸಿಗೆ ಓಡಿದ.

ಕವಿತಾ ವಿಡಿಯೋ ಮೊದಲಿಂದ ಹಾಕಿದಳು. ಆಮೆ ಬರುವ ಮುಂಚೆ, ಪರದೆಯ ಕೆಳತುದಿಯಲ್ಲಿ ಅವಳದೇ ಅಂಗೈ ಕಾಣುತ್ತಿತ್ತು. ಕ್ಯಾಮೆರಾಕ್ಕೆ ತಾಗಿರಲಿಲ್ಲ. ಆದರೂ ಎಷ್ಟೋ ಹೊತ್ತು ಅಲ್ಲೇ ಇತ್ತು.

ಅವಳು ತಲೆಯೆತ್ತಿದಳು. ಮುತ್ಯಾ ಬೆಂಡಿನ ದಾರ ಸುತ್ತುತ್ತಿದ್ದ.

"ಮುತ್ಯಾ, ನಾ ಈಜು ಕಲಿಯುವಾಗ ನೀ ಕೈ ಯಾವಾಗ ತೆಗದಿ?"

"ಹತ್ತನೇ ದಿನ. ಆದ್ರ ಕೆಳಗೇ ಇಟಗೊಂಡಿದ್ದೆ. ನಿನಗ ಗೊತ್ತೇ ಆಗಲಿಲ್ಲ."

ಕವಿತಾ ಹೋಗಿ ಮುತ್ಯಾನ ಪಕ್ಕ ಕೂತು, ದಾರದ ಇನ್ನೊಂದು ತುದಿ ಹಿಡಿದುಕೊಂಡಳು.