ಕಾಸರಕನ ಮೊಳೆಯ ಕಠಾರಿ

ಅಳಿಯ ಸತ್ತ ಸುದ್ದಿ ಹಳದೀಪುರದ ಪಾಂಡು ಆಚಾರಿಗೆ ತಲುಪಿದ್ದು ಗುರುವಾರ ಬೆಳಿಗ್ಗೆ, ಕುಲುಮೆಯ ಬೂದಿ ಎತ್ತುವ ಹೊತ್ತಿಗೆ. ಮಿರ್ಜಾನದ ಹತ್ತಿರ ಹೊಳೆಯ ನೀರು ಇಳಿದಾಗ ಬಳಚಿನ ಚಿಪ್ಪು ಹೆಕ್ಕಲು ಹೋದ ನಾಗಿ ಎಂಬ ಹೆಂಗಸು ಮೊದಲು ಕಂಡಿದ್ದಳು. ಮೊಣಕಾಲು ಮುಳುಗುವಷ್ಟೂ ನೀರಿಲ್ಲದ ಕೆಸರಿನಲ್ಲಿ ನಿತ್ಯಾನಂದ ಕೂತೇ ಇದ್ದನಂತೆ. ಮಡಿಲಲ್ಲಿ ಟವೆಲಿನಲ್ಲಿ ಸುತ್ತಿದ ಕಠಾರಿ. ಮೈಮೇಲೆ ಗಾಯವಿಲ್ಲ. ಎದೆಯ ಮೇಲೆ ಮಾತ್ರ ಕಪ್ಪು ಕಲೆಗಳು, ಮೊಳೆಯ ತಲೆಯಷ್ಟು ಅಗಲದವು. ಏಡಿ ಕಚ್ಚಿರಬೇಕು ಎಂದರು ಡಾಕ್ಟರು. ಆಚಾರಿ ಬಗ್ಗಿ ಎಣಿಸಿದ. ಒಂಬತ್ತು ಇದ್ದವು.

ಹೇಳಬೇಕಾದದ್ದನ್ನು ಹದಿನೈದು ದಿನ ಮೊದಲೇ ಹೇಳಿಯಾಗಿತ್ತು.

ಆ ವರ್ಷ, ಎರಡು ಸಾವಿರದ ಒಂದರ ಮಳೆಗಾಲದಲ್ಲಿ, ಗಾಳಿಗೆ ಊರಾಚೆಯ ಹಳೆಯ ಕಾಸರಕನ ಮರ ಬಿದ್ದಿತ್ತು. ಕೊಯ್ಯಲು ಹೋದವರ ಗರಗಸದ ಹಲ್ಲು ಮುರಿಯಿತು. ಬುಡದ ತುಂಬ ಗೇಣುದ್ದದ ಮೊಳೆಗಳು. ದೆವ್ವ ಬಿಡಿಸುವ ಗಾಡಿಗರು, ಹಿಡಿದದ್ದನ್ನು ಮಂತ್ರದಿಂದ ಕಟ್ಟಿ, ಆ ಮರಕ್ಕೆ ಮೊಳೆ ಹೊಡೆದು ನಿಲ್ಲಿಸುತ್ತಿದ್ದರು. ನಿತ್ಯಾನಂದ ಒಂಬತ್ತು ಮೊಳೆ ಆರಿಸಿ ತಂದ. ಅವನು ಕುಮಟೆಯಲ್ಲಿ ವೆಲ್ಡಿಂಗ್ ಕಲಿತವನು. ನೇತ್ರಾಳನ್ನು ಮದುವೆಯಾಗಿ ವರ್ಷದ ಹಿಂದಷ್ಟೇ ಮಾವನ ಕುಲುಮೆಗೆ ಸೇರಿದ್ದ. ಗೋಕರ್ಣದ ಅಂಗಡಿಯವನೊಬ್ಬ ಕೈಯಲ್ಲೇ ಬಡಿದ ಇಬ್ಬಾಯಿ ಕಠಾರಿ ಬೇಕೆಂದಿದ್ದ.

"ಅದನ್ನ ಒಳಗೆ ತರಬೇಡ ತಮಾ," ಆಚಾರಿ ಬಾಗಿಲಲ್ಲೇ ತಡೆದ. "ಒಂದೊಂದು ಮೊಳೆಗೂ ಒಂದೊಂದು ಕಟ್ಟು ಅದೆ. ಗಾಡಿಗನಿಗೆ ಅವನ್ನ ಬಡಿದು ಕೊಟ್ಟವ ನಮ್ಮಪ್ಪ."

"ಹಾಗಾದ್ರೆ ಮನೆ ಮಾಲೇ ಆತಲ್ಲ ಮಾವ," ಎಂದು ನಿತ್ಯಾನಂದ ನಕ್ಕ. "ಇಷ್ಟು ವರ್ಷ ಮಳೇಲಿ ನಿಂತ್ರೂ ತುಕ್ಕು ಹಿಡೀಲಿಲ್ಲ. ಸ್ಟೀಲಿನ ಭೂತವೇ ಇರ್ಬೇಕು."

ಐದು ತಿಂಗಳ ಬಸುರಿ ನೇತ್ರಾ ಒಳಗಿನಿಂದ ನಕ್ಕಳು. ಮಗಳೂ ನಕ್ಕ ಮೇಲೆ ಆಚಾರಿ ಬಾಗಿಲು ಬಿಟ್ಟು ಸರಿದ. ತಾನು ಮಾತ್ರ ಆ ಕಬ್ಬಿಣ ಮುಟ್ಟುವುದಿಲ್ಲವೆಂದು ಕಾಳಮ್ಮನ ಪಟದ ಮುಂದೆ ಮಾತು ಕೊಟ್ಟು, ಜಗಲಿಯಲ್ಲಿ ಕೂತ.

ನಿತ್ಯಾನಂದ ಗಾಳಿಯೂದುವ ತಿದಿಯ ಬದಲು ಕರೆಂಟಿನ ಬ್ಲೋವರ್ ತಂದಿಟ್ಟಿದ್ದ. ಮೊಳೆಗಳನ್ನು ಕಾಸಿ, ಬಿಳಿಗಾರ ಉದುರಿಸಿ, ಒಂದಾಗಿ ಬೆಸೆದ. ಅಂಚಿಗೆ ಲಾರಿಯ ಹಳೆಯ ಕಮಾನುಪಟ್ಟಿ ಕೂಡಿಸಿದ. ಅಲಗು ಬಿದಿರೆಲೆಯ ಹಾಗೆ ನೀಳವಾಯಿತು. ಇನ್ನು ಉಳಿದದ್ದು ಹದ: ಸರಿಯಾಗಿ ಕಾದ ಕ್ಷಣದಲ್ಲಿ ಎಣ್ಣೆಗೆ ಅದ್ದಬೇಕು. ಬೆಂಕಿಯ ಬಣ್ಣ ಬೆಳಕಿನಲ್ಲಿ ಕಾಣುವುದಿಲ್ಲ. ಅದಕ್ಕೇ ಮಧ್ಯಾಹ್ನವೇ ಬಾಗಿಲು ಕಿಟಕಿ ಮುಚ್ಚಿ ಕುಲುಮೆಯನ್ನು ಕತ್ತಲು ಮಾಡುವುದು ಆಚಾರಿಗಳ ರೂಢಿ.

ಒಳಗೆ ಇದ್ದಿಲ ಹೊಗೆ, ಹೊನ್ನೆಎಣ್ಣೆಯ ಕಮಟು. ಆಚಾರಿ ತಾಳಲಾರದೆ ಒಳಗೆ ಬಂದು ಗೋಡೆಗೆ ಒರಗಿ ನಿಂತಿದ್ದ. ಎರಡು ಬಾಯಿಯ ಅಲಗು ಕಾಸುವುದು ಕಷ್ಟ. ಎರಡೂ ಕಡೆ ಒಂದೇ ಸಮ ಕಾಯಬೇಕು. ಮಾಗಿದ ಅಡಿಕೆಯ ಬಣ್ಣ ಬಂತು. ಅದೇ ಹದ. ನಿತ್ಯಾನಂದ ಎತ್ತಲಿಲ್ಲ. ಅವನಿಗೆ ಗೊತ್ತಾಗಲಿಲ್ಲ. ಇನ್ನೆರಡು ಉಸಿರು ಬಿಟ್ಟರೆ ಅಂಚು ಸುಟ್ಟುಹೋಗುತ್ತದೆ. ಹೋದರೆ ಹೋಗಲಿ, ಒಳ್ಳೆಯದೇ ಆಯಿತು ಎಂದು ಆಚಾರಿಯ ಮನಸ್ಸು ಹೇಳಿತು. ಐವತ್ತು ವರ್ಷ ಕಬ್ಬಿಣ ಬಡಿದ ಕೈ ಕೇಳಲಿಲ್ಲ. ಇಕ್ಕಳ ಕಸಿದುಕೊಂಡ. ಅಲಗು ಎತ್ತಿದ. ಅದ್ದಿದ.

ಎಣ್ಣೆ ಚೊರ್ರೆಂದಿತು. ಎದ್ದದ್ದು ಎಣ್ಣೆಯ ಹೊಗೆಯಲ್ಲ. ಒದ್ದೆ ಕೂದಲು ಸುಟ್ಟ ನಾತ. ನಾಲಿಗೆಯ ಮೇಲೆ ಕಾಸರಕನ ಕಹಿ. ಆಗ ನೋಡಿದ. ಮೂಲೆಯ ಸ್ವಿಚ್‌ಬೋರ್ಡಿನ ಸಣ್ಣ ಕೆಂಪು ಬಲ್ಬು ಆರಿತ್ತು. ಕರೆಂಟು ಹೋಗಿತ್ತು. ಆದರೂ ಬ್ಲೋವರ್ ಉಸಿರಾಡುತ್ತಿತ್ತು. ಒಳಗೆ. ಹೊರಗೆ. ಒಳಗೆ. ಹೊರಗೆ. ಬೆಂಕಿ ಅದರ ಜೊತೆಗೇ ಏರಿತು. ಇಳಿಯಿತು. ಆಮೇಲೆ ಎಲ್ಲ ನಿಂತಿತು.

"ಕಡೆಗೂ ಕೈ ಹಾಕಿದ್ರಲ್ಲ ಮಾವ," ಎಂದ ನಿತ್ಯಾನಂದ ಕತ್ತಲೆಯಲ್ಲಿ. ದನಿಯಲ್ಲಿ ನಗುವಿತ್ತು. "ಕೆಟ್ಟುಹೋಗೂದು ನೋಡೂಕಾಗ್ಲಿಲ್ಲ ಅಲ್ದಾ?"

ಅಲಗು ಕೂದಲೆಳೆಯಷ್ಟೂ ಡೊಂಕಾಗಿರಲಿಲ್ಲ. ನಿತ್ಯಾನಂದ ಮೂರು ದಿನ ಸಾಣೆ ಹಿಡಿದ, ಹಲಸಿನ ಹಿಡಿ ಕೂರಿಸಿದ, ಬುಧವಾರ ಗೋಕರ್ಣಕ್ಕೆಂದು ಬಸ್ಸು ಹತ್ತಿದ. ಮಿರ್ಜಾನದಲ್ಲಿ, ಯಾರೋ ಕರೆದ ಹಾಗೆ, ಸುಮ್ಮನೆ ಇಳಿದುಹೋದನೆಂದು ಕಂಡಕ್ಟರ್ ಆಮೇಲೆ ಹೇಳಿದ.

ಪಂಚನಾಮೆ ಮುಗಿಸಿ ಪೊಲೀಸರು ಕಠಾರಿಯನ್ನು ತಿರುಗಿ ಕೊಟ್ಟರು. ಹದಿಮೂರನೆಯ ದಿನದ ಕಾರ್ಯ ಮುಗಿದ ಮೇಲೆ ನೇತ್ರಾ ತಂದೆಯ ಹತ್ತಿರ ಬಂದಳು.

"ಅಪ್ಪಾ, ಇದು ಎಂತ ನೋಡು," ಎಂದು ಕೊರಳ ಕೆಳಗೆ ಸೆರಗು ಸರಿಸಿದಳು. ಒಂದು ಕಪ್ಪು ಕಲೆ.

ಆಚಾರಿ ಆಗಲೇ ಹಳೆಯ ತಿದಿ ಒತ್ತಿ ಬೆಂಕಿ ಮಾಡಿದ. ಕಠಾರಿಯನ್ನು ಕಾಸಿ, ಕಡಿದು, ಮತ್ತೆ ಮೊಳೆ ಬಡಿದ. ಒಂಬತ್ತು ಮೊಳೆಯಾಯಿತು. ಹತ್ತನೆಯದಕ್ಕೂ ಕಬ್ಬಿಣ ಉಳಿದಿತ್ತು. ಆಚಾರಿಯೇ ಎಣ್ಣೆಗೆ ಅದ್ದಿ ಹದ ಹಾಕಿದ ಅಂಚಿನ ಕಬ್ಬಿಣ. ಅದರ ಮೇಲೆ ಸುತ್ತಿಗೆ ಬಿದ್ದಾಗ ಸದ್ದು ಬರಲಿಲ್ಲ.

"ಮಾವ," ಎಂದಿತು.

ಹೊಡೆದ. "ಮಾವ." ಹೊಡೆದ.

ಹೊಳೆಯಂಚಿನಲ್ಲಿ ಇನ್ನೊಂದು ಕಾಸರಕನ ಮರವಿತ್ತು. ತಂದೆಯ ಬಾಯಿಂದ ಕೇಳಿದ್ದ ಕಟ್ಟಿನ ಮಾತು ಹೇಳುತ್ತ ಒಂಬತ್ತನ್ನು ಹೊಡೆದು ಮನೆಗೆ ಬಂದು ನೋಡಿದ. ಕಲೆ ಹಾಗೇ ಇತ್ತು. ಅದರ ಪಕ್ಕದಲ್ಲಿ ಇನ್ನೊಂದು ಮೂಡಿತ್ತು. ಮಗಳು ಹೊಟ್ಟೆಯ ಮೇಲೆ ಕೈಯಿಟ್ಟು, ಮಗು ಬೆಳಗಿನಿಂದ ಮಿಸುಕಲಿಲ್ಲ ಎಂದಳು.

ಆಚಾರಿ ಮತ್ತೆ ಮರದ ಹತ್ತಿರ ಹೋದ. ಹತ್ತನೆಯ ಮೊಳೆ ಅಂಗೈಯಲ್ಲಿ ಬೆಚ್ಚಗಿತ್ತು. ಇದನ್ನು ಹೊಡೆದರೆ ಹದಿಮೂರು ದಿನ ಮಾಡಿದ ಕಾರ್ಯವೆಲ್ಲ ಹುಸಿ. ಅಳಿಯನ ಜೀವ ಮರ ಇರುವ ತನಕ ಅಲ್ಲೇ ಕಟ್ಟು. "ತಮಾ," ಎಂದು ಕರೆದ. ಮೂರೇಟಿಗೆ ಮೊಳೆ ಒಳಗೆ ಹೋಯಿತು.

ಕಲೆಗಳು ಮಾಸಿದವು. ಮಾಘದಲ್ಲಿ ಹೆರಿಗೆಯಾಗಿ ತಾಯಿ, ಮಗು ಇಬ್ಬರೂ ಉಳಿದರು. ಆಚಾರಿ ಅಂದಿನಿಂದ ಕುಲುಮೆ ಹಚ್ಚಲಿಲ್ಲ. ದಿನವೂ ಮಿಂದು, ಮರದ ಬುಡದಲ್ಲಿ ದೀಪವಿಟ್ಟು, ತೊಗಟೆಗೆ ಹಣೆ ಹಚ್ಚಿ ಬೇಡುತ್ತಾನೆ: "ತಾಯಿ ಕಾಳಮ್ಮಾ, ನಕ್ಕದ್ದು ಹುಡುಗಬುದ್ಧಿ, ಹದ ಹಾಕಿದವ ನಾನು, ಕಟ್ಟಿದವನೂ ನಾನು. ನನ್ನ ಸಾವು ಬಂದ ದಿನ ಈ ಮೊಳೆಯಲ್ಲಿ ನನ್ನನ್ನು ನಿಲ್ಲಿಸಿಕೊ. ನಿತ್ಯಾನಂದನನ್ನು ಬಿಟ್ಟುಬಿಡು. ಅವನ ಜೀವಕ್ಕೆ ತಂಪಾಗಲಿ."